ಬಂದ್ಬಿಟ್ಟೆ ಸಾರ್!

ತೊರಪಲ್ಲಿ ಅಗ್ರಹಾರದಲ್ಲಿ ಭಾನುವಾರ ಸಂಜೆ ದೊಡ್ಡವರಿಗೆ ಕನ್ನಡ ಅಕ್ಷರ ಕಲಿಸುವ ಚಟ ನನ್ನದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಓದಿದ್ದು ತಮಿಳು ಎನ್ನುವವರು ಹೊಸೂರು ಸೀಮೆಯಲ್ಲಿ ಬೇಕಾದಷ್ಟು ಜನ. ತಮಿಳುನಾಡಿನಲ್ಲಿ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಮಕ್ಕಳಿಗೆ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯವಾಯಿತು. ಅಪ್ಪಂದಿರಿಗಾದರೂ ನಾಲ್ಕಕ್ಷರ ಬರಲಿ ಎಂದು ನಾನು ಬೋರ್ಡು ತೂಗುಹಾಕಿ ಕೂತೆ. ಆಗ ಗಂಟುಬಿದ್ದವರೇ ನಮ್ಮ 'ಬಂದ್ಬಿಟ್ಟೆ' ಅಣ್ಣ.

ತರಗತಿ ಐದಕ್ಕೆ. ಐದೂಕಾಲಿಗೆ ಫೋನ್ ಮಾಡಿದರೆ, "ಬಂದ್ಬಿಟ್ಟೆ ಸಾರ್, ತಿರುವಲ್ಲೇ ಇದೀನಿ" ಅನ್ನುತ್ತಾರೆ. ತಿರುವಿನಲ್ಲಿ ಕುಕ್ಕರ್ ಕೂಗುವುದು ನನಗೆ ಚೆನ್ನಾಗಿ ಕೇಳಿಸುತ್ತದೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ನನ್ನನ್ನು ಕನಿಕರದಿಂದ ನೋಡಿ, "ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ ಅಲ್ವಾ ಸಾರ್? ಅಕ್ಷರ ಅಂದ್ರೆ ಸರಸ್ವತಿ. ನಮಗಾಗಿ ಅಲ್ಲ, ನಿಮಗೆ ಒಳ್ಳೇದಾಗ್ಲಿ ಅಂತ ತಡ ಮಾಡ್ತೀನಿ" ಅಂದರು. ಪಂಚಾಂಗ ತೆಗೆದು ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು. ತರಗತಿಯನ್ನು ಆರೂಕಾಲಿಗೆ ದೂಡಿದೆ. ಅಣ್ಣ ಏಳಕ್ಕೆ ಬಂದರು. "ರಾಹು ಕಳೆದ ತಕ್ಷಣ ಹೊರಟ್ರೆ ಚೆನ್ನಾಗಿರಲ್ಲ, ಸ್ವಲ್ಪ ದೂರ ಹೋಗ್ಲಿ ಅಂತ ಕಾದೆ."

ಇನ್ನೊಂದು ವಾರ ರಾಜಾಜಿಯವರ ಮನೆ ಅಡ್ಡ ಬಂತು. 1878ರ ಡಿಸೆಂಬರ್ 10ರಂದು ಈ ಊರಲ್ಲಿ ಹುಟ್ಟಿದವರು ಅವರು. ಹುಟ್ಟಿದ ಮನೆ ಈಗ ಸ್ಮಾರಕ. ನೋಡಲು ಬಂದ ಯಾವುದೋ ಸಂಸಾರಕ್ಕೆ ಅಣ್ಣ ದಾರಿ ತೋರಿಸಿದ್ದಾರೆ. ಅಷ್ಟಕ್ಕೇ ಬಿಟ್ಟರೆ? 1948ರಲ್ಲಿ ಗವರ್ನರ್ ಜನರಲ್ ಆದದ್ದರವರೆಗೆ ಮೂರು ಭಾಷೆಯಲ್ಲಿ ವಿವರಿಸಿ, ಕಾಫಿ ಕುಡಿಸಿ, ಬಸ್ ಹತ್ತಿಸಿ ಬಂದರು. ಇಸವಿಗಳೆಲ್ಲ ನಾಲಗೆಯ ತುದಿಯಲ್ಲೇ ಇವೆ. ಗಂಟೆ ಒಂದೇ ನೆನಪಿಗೆ ಬರುವುದಿಲ್ಲ. ಟೈಟನ್ ಗಡಿಯಾರ ತಯಾರಾಗುವ ಹೊಸೂರಿನ ಪಕ್ಕದಲ್ಲಿ ಈ ಪಾಡು.

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಹೇಳಿದ ಹೊತ್ತಿಗಿಂತ ಕಾಲು ಗಂಟೆ ತಡವಾಗಿ ಪಾಠ ಶುರುಮಾಡುವ ಹಳೆಯ ವಾಡಿಕೆ ಇದೆಯಂತೆ ಎಂದು ಒಮ್ಮೆ ಬಾಯಿಬಿಟ್ಟೆ. "ಬರೀ ಕಾಲು ಗಂಟೆನಾ? ಪಾಪ" ಎಂದು ಮರುಗಿದರು.

ಹೋಂವರ್ಕ್ ವಿಷಯ ಕೇಳಲೇಬೇಡಿ. ಪುಸ್ತಕ ಮಗಳ ಬ್ಯಾಗಿಗೆ ಹೋಗಿರುತ್ತದೆ, ಪೆನ್ನನ್ನು ಅಳಿಯ ಒಯ್ದಿರುತ್ತಾನೆ, ಕರೆಂಟು ಹೋಗಿರುತ್ತದೆ. ಇವರು ಮಾತ್ರ ಏನೂ ಮಾಡಿರುವುದಿಲ್ಲ. ಆದರೆ ಬಂದು ಕೂತರೋ, ಬೈಯಲು ಬಾಯಿ ಬರುವುದಿಲ್ಲ. ಕ ಖ ಗ ಘ ಬರೆಸುತ್ತಿದ್ದಾಗ ಸೀಮೆಸುಣ್ಣ ಕೆಳಗಿಟ್ಟು, "ತಮಿಳಲ್ಲಿ ಒಂದೇ ಅಕ್ಷರ ಮಾಡೋ ಕೆಲಸಕ್ಕೆ ನೀವು ನಾಲ್ಕು ಜನರನ್ನ ಇಟ್ಕೊಂಡಿದೀರಲ್ಲ ಸಾರ್! ನಮ್ ಕಂಪನೀಲಾದ್ರೆ ಮೂರು ಜನಾನ ಮನೆಗೆ ಕಳಿಸ್ತಿದ್ರು" ಅಂದರು. ಆಮೇಲೆ ನಾಲಿಗೆ ಕಚ್ಚಿಕೊಂಡು ನಾಲ್ಕನ್ನೂ ನೀಟಾಗಿ ಬರೆದರು. 'ಘ'ದ ಹೊಟ್ಟೆ ಮಾತ್ರ ಸ್ವಲ್ಪ ಜಾಸ್ತಿಯಾಯಿತು.

ಕಂಪನಿ ಅಂದರಲ್ಲ, ನನ್ನ ಹೊಟ್ಟೆ ಉರಿಯುವುದು ಅಲ್ಲೇ. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಇವರಿಗೆ ಬೆಳಗಿನ ಶಿಫ್ಟು. ಕೋಳಿ ಕೂಗುವ ಮೊದಲೇ ಸ್ನಾನ ಮಾಡಿ, ವಿಭೂತಿ ಹಚ್ಚಿ ಕಂಪನಿ ಬಸ್ಸಿಗೆ ಕಾದು ನಿಂತಿರುತ್ತಾರೆ. ಬಸ್ಸು ತಡವಾದರೆ ಡ್ರೈವರಿಗೆ ಬೈಗುಳ! ಅಲ್ಲಿ ಗೇಟಿನಲ್ಲಿ ಕಾರ್ಡು ಗುದ್ದಬೇಕು, ತಡವಾದರೆ ಸಂಬಳ ಮುರಿಯುತ್ತಾರೆ. ನನ್ನಲ್ಲಿರುವುದು ಒಂದು ಹಾಜರಿ ಪುಸ್ತಕ. ಅದರಲ್ಲಿ ಕೆಂಪು ಶಾಯಿಯಲ್ಲಿ 'ತಡ' ಎಂದು ಬರೆದು ನಾನೇ ಖುಷಿಪಡಬೇಕು. ಇಡೀ ವಾರ ಯಾರದ್ದೋ ಸೈರನ್ನಿಗೆ ಎದ್ದು ಕೂತವರಿಗೆ ತಮ್ಮದೆಂದು ಸಿಗುವ ಒಂದೇ ಸಂಜೆಯಲ್ಲಿ ನಾನೂ ಸೈರನ್ ಊದಿದರೆ ಹೇಗೆ ಅಂತಲೂ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಇದನ್ನು ಅವರ ಮುಂದೆ ಹೇಳುವ ಹಾಗಿಲ್ಲ. ಹೇಳಿದರೆ ಎಂಟಕ್ಕೆ ಬರುತ್ತಾರೆ.

ಇವರು ಕಲಿಯಲು ಬಂದದ್ದಕ್ಕೂ ಕಾರಣವಿತ್ತು. ಹಿರಿ ಮಗಳನ್ನು ಆನೇಕಲ್ ಕಡೆಗೆ ಕೊಟ್ಟಾಗ ಬೀಗರು ಕನ್ನಡದಲ್ಲಿ ಅಚ್ಚು ಹಾಕಿಸಿದ ಲಗ್ನಪತ್ರಿಕೆಯನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಬೇಕಾಗಿ ಬಂದಿತ್ತು. ಈಗ ಕಿರಿಯವಳ ಮದುವೆ. ಹೋದ ವಾರ ಪತ್ರಿಕೆ ಹಿಡಿದು ಬಂದರು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ, ಕುಲದೇವರಿಂದ ಹಿಡಿದು ಮುಹೂರ್ತದವರೆಗೆ ತಾವೇ ಓದಿದರು. ಒತ್ತಕ್ಷರಗಳಲ್ಲಿ ಎಡವಿದರು, ನಾನು ತಿದ್ದಲಿಲ್ಲ. ಓದಿ ಮುಗಿಸಿ, ಅರಿಶಿನ ಕುಂಕುಮ ಹಚ್ಚಿದ ಪತ್ರಿಕೆಯನ್ನು ನನ್ನ ಕೈಗಿಟ್ಟು ಗಂಭೀರವಾಗಿ ಹೇಳಿದರು:

"ಮುಹೂರ್ತ ಬೆಳಿಗ್ಗೆ ಆರರಿಂದ ಏಳೂವರೆ ಸಾರ್. ಸರಿಯಾದ ಟೈಮಿಗೆ ಬರ್ಬೇಕು. ಆಮೇಲೆ ಫೋನ್ ಮಾಡಿದ್ರೆ ತಿರುವಲ್ಲಿದೀನಿ ಗಿರುವಲ್ಲಿದೀನಿ ಅನ್ಬೇಡಿ, ನಮ್ಗೆಲ್ಲಾ ಗೊತ್ತಾಗುತ್ತೆ."