ಕರಿಘಟ್ಟದ ಕರಿಗಾಜಿನ ರಾಯರು

ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕರಿಘಟ್ಟದ ಮೇಲೆ ಟ್ರೈಪಾಡ್ ನಿಲ್ಲಿಸಿ, ಎದೆಮಟ್ಟದ ಹಳೇ ಕ್ಯಾಮೆರಾದೊಳಗೆ ತಲೆ ಬಗ್ಗಿಸಿಕೊಂಡು ಯಾರಾದರೂ ನಿಂತಿದ್ದರೆ ಅವರು ಕರಿಗಾಜಿನ ರಾಯರೇ ಎಂದು ಧೈರ್ಯವಾಗಿ ಹೇಳಬಹುದು. ಇದು ಒಬ್ಬರ ಹೆಸರಲ್ಲ, ಒಂದು ಕುಲದ ಹೆಸರು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ ಇರಬಹುದು, ಮೈಸೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇರಬಹುದು. ಕೊರಳಲ್ಲಿ ತೂಗುವ ಯಾಷಿಕಾ ಅಥವಾ ರೋಲೈಫ್ಲೆಕ್ಸ್ ಮಾತ್ರ ಅವರ ಮದುವೆಗಿಂತ ಹಳೆಯದು, ಅದಕ್ಕಿಂತ ಜೋಪಾನವಾಗಿ ಕಾಪಾಡಿಕೊಂಡದ್ದು. ಉಳಿದ ಫೋಟೊಗ್ರಾಫರುಗಳು ಮುಂಜಾನೆಯ ಮಂಜು, ಸಂಜೆಯ ಹೊಂಬಿಸಿಲು ನೋಡಿಕೊಂಡು ಬಂದು ಹೋಗುತ್ತಾರೆ. ಇವರಿಗೆ ಬೇಕಾದದ್ದು ನೆತ್ತಿ ಸುಡುವ ಬಿಸಿಲು. ಲೆನ್ಸಿನ ಮೂತಿಗೆ ಕಪ್ಪನೆಯ ಇನ್‌ಫ್ರಾರೆಡ್ ಫಿಲ್ಟರ್ ಸಿಕ್ಕಿಸಿ, ಗಿಡಮರವೆಲ್ಲ ಬೆಳ್ಳಗೆ, ಆಕಾಶ ಕರ್ರಗೆ ಬರುವ ಚಿತ್ರ ತೆಗೆಯುವುದು ಅವರ ವ್ರತ. ನೋಡಿದವರು ಅರೆಮರುಳೆಂದು ನಗುತ್ತಾರೆ. ನಗಲಿ, ಆದರೆ ನಗಬೇಕಾದ ಜಾಗದಲ್ಲಿ ನಗಬೇಕು. ರಾಯರ ಆಚಾರವೆಲ್ಲ ಸರಿಯಾಗಿದೆ, ವಿಚಾರ ತಪ್ಪಿದೆ ಎಂಬುದು ನನ್ನ ವಾದ.

ಮೊದಲು ಆಚಾರ. ಹಳೇ ಕಾಲದ ಅಜ್ಜಿಯ ಮಡಿಗಿಂತ ಇದು ಒಂದು ತೂಕ ಹೆಚ್ಚು. ಫಿಲಂ ರೋಲನ್ನು ಬಿಸಿಲಲ್ಲಿ ಬಿಚ್ಚುವಂತಿಲ್ಲ. ಬಂಡೆಯ ಮರೆಗೆ ಹೋಗಿ, ಟವೆಲ್ ಮುಚ್ಚಿಕೊಂಡು, ಪರರ ದೃಷ್ಟಿ ತಾಕದಂತೆ ತುಂಬಬೇಕು. ಕ್ಯಾಮೆರಾ ಅಗ್ಫಾ ಕ್ಲಿಕ್ ಆಗಿದ್ದರೆ ಅಥವಾ ಹಳೇ ಮಡಿಚುವ ಜಾತಿಯದಾಗಿದ್ದರೆ ಬೆನ್ನಿನಲ್ಲಿರುವ ಕೆಂಪು ಕಿಂಡಿಗೆ ಕಪ್ಪು ಟೇಪು ಬೀಳಬೇಕು. ಹುಚ್ಚಾಟದಂತೆ ಕಾಣುತ್ತದೆ, ಆದರೆ ಕಾರಣ ಗಟ್ಟಿಯಾಗಿದೆ. ಫ್ರೇಮಿನ ನಂಬರು ನೋಡಲು ಆ ಕಿಂಡಿ ಇಟ್ಟ ಕಾಲದಲ್ಲಿ ಎಷ್ಟೋ ಫಿಲಂಗಳಿಗೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ರಾಯರ ಫಿಲಮಿಗೆ ಕೆಂಪೂ ಕಾಣುತ್ತದೆ, ಅದರಾಚೆಯದೂ ಕಾಣುತ್ತದೆ. ಕಾವಲಿಗಿಟ್ಟ ಕಿಂಡಿಯೇ ಕಳ್ಳನನ್ನು ಒಳಗೆ ಬಿಡುತ್ತದೆ. ಎರಡು ಲೆನ್ಸಿನ ಕ್ಯಾಮೆರಾದ ಮೇಲಿನ ಹಟಕ್ಕೂ ಇಂಥದೇ ಕಾರಣ. 720 ನ್ಯಾನೊಮೀಟರಿನ ಗಾಜು ಹಾಕಿದ ಮೇಲೆ ಒಂದೇ ಲೆನ್ಸಿನ ಹ್ಯಾಸಲ್‌ಬ್ಲಾಡ್‌ನಲ್ಲಿ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಯಾಷಿಕಾದಲ್ಲಾದರೆ ಕರಿಗಾಜು ಕೆಳಗಿನ ಲೆನ್ಸಿಗೆ, ನೋಡುವುದು ಮೇಲಿನದರಲ್ಲಿ. ಇನ್ನು ಲೆಕ್ಕ. 400 ವೇಗದ ಫಿಲಮಿಗೆ ಒಳ್ಳೆ ಬಿಸಿಲಲ್ಲಿ ಎಫ್ 16ಕ್ಕೆ ಸೆಕೆಂಡಿನ 400ನೇ ಒಂದು ಭಾಗ ಸಾಕು. ಈ ಗಾಜು ಸುಮಾರು 5 ಸ್ಟಾಪ್, ಅಂದರೆ 32 ಪಟ್ಟು ಬೆಳಕು ನುಂಗುವುದರಿಂದ ಅದು 12ನೇ ಒಂದು ಭಾಗಕ್ಕೆ ಇಳಿಯುತ್ತದೆ. ಲೈಟ್ ಮೀಟರಿಗೆ ಇನ್‌ಫ್ರಾರೆಡ್ ಅಳೆಯಲು ಬಾರದಾದ್ದರಿಂದ ಅನುಮಾನ ಪರಿಹಾರಕ್ಕೆ 1/8, 1/4, 1/2 ಎಂದು ಒಂದೇ ನೋಟಕ್ಕೆ ಮೂರು ಸಲ ಗುಂಡಿ ಒತ್ತಬೇಕು. 120 ರೋಲಿನಲ್ಲಿ 12 ಚಿತ್ರ. ರಾಯರ ಪಾಲಿಗೆ 4. ಅದರಲ್ಲೊಂದು ಬೆಟ್ಟದ ಗಾಳಿಗೆ, ಅಲುಗಿದ ಕೊಂಬೆಗೆ ನೈವೇದ್ಯ. ಕೊಡಾಕ್ ತನ್ನ ಇನ್‌ಫ್ರಾರೆಡ್ ಫಿಲಂ ನಿಲ್ಲಿಸಿದ 2007, ಕ್ರೊಯೇಷಿಯಾದ ಎಫ್ಕೆ ಫಿಲಮಿನ ಕಾರ್ಖಾನೆ ಬಾಗಿಲೆಳೆದ 2012, ಈ ಎರಡು ತಿಥಿಗಳು ಅವರಿಗೆ ಬಾಯಿಪಾಠ.

ಇಷ್ಟು ಶುದ್ಧಾಚಾರದಿಂದ ತೆಗೆದ ಚಿತ್ರಕ್ಕೆ ಅವರು ಇಡುವ ಹೆಸರು ‘ವಿಂಟರ್ ಡ್ರೀಮ್’. ಇಲ್ಲಿಂದ ಶುರು ನನ್ನ ತಕರಾರು. ಕರಿಘಟ್ಟದ ಮೇಲಿಂದ ಕಾಣುವುದೇನು? ಲೋಕಪಾವನಿ ಬಂದು ಕಾವೇರಿಗೆ ಸೇರುವ ಜಾಗ, ಆಚೆಗೆ ಶ್ರೀರಂಗಪಟ್ಟಣ, ಸುತ್ತ ಕಬ್ಬು, ಭತ್ತ, ತೆಂಗು. ಹಸಿರೆಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಂಡರೂ ಇನ್‌ಫ್ರಾರೆಡ್ಡನ್ನು ಮುಟ್ಟುವುದಿಲ್ಲ. ಎಲೆಯೊಳಗಿನ ಜೀವಕೋಶಗಳೂ ನಡುವಿನ ಗಾಳಿಯ ಸಂದುಗಳೂ ಅದನ್ನು ಚೆದುರಿಸಿ ಹೊರಗೆ ಕಳಿಸುತ್ತವೆ. ಎಲೆ ಬೆಳ್ಳಗಾಗುವುದು ಅದಕ್ಕೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲಿ ಇಂಥ ಚಿತ್ರಗಳನ್ನು ಪ್ರಕಟಿಸಿದ ಮೇಲೆ ಇದಕ್ಕೆ ಅವನ ಹೆಸರೇ ನಿಂತಿತು. ಹಾಗಾಗಿ ರಾಯರ ಚಿತ್ರದಲ್ಲಿ ಕಬ್ಬು ಮೈಷುಗರ್ ಕಾರ್ಖಾನೆಯ ಮುಖ ನೋಡದೆ, ಬಾಕಿ ಹಣದ ರಗಳೆಯಿಲ್ಲದೆ, ಗದ್ದೆಯಲ್ಲೇ ಸಕ್ಕರೆಯಾಗಿ ನಿಂತಿರುತ್ತದೆ. ಆದರೆ ಎಲ್ಲವೂ ಒಂದೇ ಬಿಳುಪಲ್ಲ. ನಾಟಿಯಾಗಿ ನೀರು ನಿಂತ ಗದ್ದೆ ಕಪ್ಪು, ಏಕೆಂದರೆ ನೀರು ಇನ್‌ಫ್ರಾರೆಡ್ಡನ್ನು ನುಂಗುತ್ತದೆ. ಪೈರು ತೆಂಡೆಯೊಡೆದು ನೀರನ್ನು ಮುಚ್ಚಿದ ಮೇಲೆ ಅದೇ ಗದ್ದೆ ಬಿಳಿ. ಕಟಾವಾದ ಕಡೆ ಮಣ್ಣು ಬೂದು. ಬೆಳೆ ಸೊರಗಿದ ಕಡೆ ಬಿಳುಪು ಮಂಕು. ರಾಯರು ಕನಸೆಂದು ಕರೆದದ್ದು ನಾಲೆ ನೀರಿನ ಜಮಾಖರ್ಚು.

ಮೆಟ್ಟಿಲಿಳಿಯುವ ರೈತನೊಬ್ಬ ಟ್ರೈಪಾಡ್ ನೋಡಿ, “ಸರ್ವೆಯೋರಾ ಸಾ? ನಮ್ ಜಮೀನೂ ಹೋಯ್ತದಾ?” ಎಂದು ಕೇಳುವುದುಂಟು. ಮೈಸೂರು ರಸ್ತೆ ಅಗಲವಾದಾಗಲೆಲ್ಲ ಮೂರು ಕಾಲಿನ ಸ್ಟ್ಯಾಂಡ್ ಕಂಡವನು ಆತ. ರಾಯರು ನೊಂದುಕೊಂಡು, “ಇಲ್ಲಪ್ಪಾ, ಇದು ಆರ್ಟು” ಎನ್ನುತ್ತಾರೆ. ಇಬ್ಬರಲ್ಲಿ ಸತ್ಯಕ್ಕೆ ಹತ್ತಿರ ಇರುವವನು ರೈತ. 1970ರಲ್ಲಿ ವಿಜ್ಞಾನಿ ಪಿಷಾರಟಿಯವರು ಕೇರಳದ ತೆಂಗಿನ ಬೇರುರೋಗ ಪತ್ತೆಗೆ ಹೆಲಿಕಾಪ್ಟರಿನಿಂದ ತೋಟಗಳ ಚಿತ್ರ ತೆಗೆಸಿದ್ದು ರಾಯರ ಕುಲದವರೇ ಕೈಮುಗಿಯುವ ಹ್ಯಾಸಲ್‌ಬ್ಲಾಡ್ ಕ್ಯಾಮೆರಾದಲ್ಲಿ, ಇನ್‌ಫ್ರಾರೆಡ್ ಫಿಲಂ ಹಾಕಿ. ನಮ್ಮ ದೇಶದ ದೂರಸಂವೇದಿ ಕೆಲಸ ಅಲ್ಲಿಂದ ಬೆಳೆಯಿತು. 1988ರ ಮಾರ್ಚ್ 17ರಂದು ಹಾರಿದ ಐಆರ್‌ಎಸ್-1ಎ ಉಪಗ್ರಹ ಬೆಳೆಯನ್ನು ನೋಡಿದ್ದೂ ಇದೇ ಬೆಳಕಿನ ಪಟ್ಟಿಯಲ್ಲಿ. ಅಂದಮೇಲೆ ಕರಿಘಟ್ಟದ ಮೇಲೆ ನಿಂತವರು ತಮಗೇ ತಿಳಿಯದ ಸರ್ವೆಯರು.

ಇಷ್ಟಕ್ಕೆಲ್ಲ ಹಳೇ ಪೆಟ್ಟಿಗೆ ಯಾಕೆ, ಸೆನ್ಸರಿನ ಮುಂದಿನ ತಡೆಗಾಜು ತೆಗೆಸಿದ ಡಿಜಿಟಲ್ ಕ್ಯಾಮೆರಾ ಸಾಲದೇ ಎಂದರೆ, ಸಾಲುತ್ತದೆ. ಕೈಯಲ್ಲೇ ಹಿಡಿದು ಹೊಡೆಯಬಹುದು. ರಾಯರ ಬಳಿ ಇದಕ್ಕೆ ಉತ್ತರವಿಲ್ಲ, ನನ್ನ ಬಳಿಯೂ ಇಲ್ಲ. ಮೊಬೈಲ್ ಫೋಟೊದ ಹಸಿರನ್ನೇ ಬಿಳಿ ಮಾಡಿದರಾಯಿತು ಎನ್ನುವವರಿಗೆ ಮಾತ್ರ ಉತ್ತರವಿದೆ: ಕಂಪ್ಯೂಟರು ಎಲೆಯ ಹಸಿರಿನ ಜೊತೆಗೆ ಗೇಟಿಗೆ ಬಳಿದ ಹಸಿರನ್ನೂ ಬಿಳಿ ಮಾಡಿಬಿಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಹಸಿರು ಬಣ್ಣ ಬಳಿದು ಅಡಗಿಸಿದ್ದನ್ನು ಇನ್‌ಫ್ರಾರೆಡ್ ಫಿಲಂ ಹಿಡಿದುಕೊಟ್ಟದ್ದು ಈ ವ್ಯತ್ಯಾಸದಿಂದಲೇ. ಎಕ್ಸ್‌ಪೋಷರೇ ಅಂದಾಜಿನದಾದರೆ ಈ ಬಿಳುಪನ್ನು ನಂಬುವುದು ಹೇಗೆ? ಈ ವರ್ಷದ ಚಿತ್ರವನ್ನು ಹೋದ ವರ್ಷದ್ದಕ್ಕೆ ಹೋಲಿಸಬಾರದು, ನಿಜ. ಒಂದೇ ಚೌಕಟ್ಟಿನೊಳಗೆ ಗದ್ದೆಗೆ ಗದ್ದೆಯನ್ನು ಹೋಲಿಸಲು ಅಡ್ಡಿಯಿಲ್ಲ. ಕೊನೆಗೆ, ಕಬ್ಬು ಒಣಗಿದ್ದು ರೈತನ ಬರಿಗಣ್ಣಿಗೇ ಕಾಣುವುದಿಲ್ಲವೇ? ಕಾಣುತ್ತದೆ, ರಾಯರಿಗಿಂತ ಮೊದಲೇ. ಆದರೆ ಕಂಡದ್ದಕ್ಕೆ ಆತನ ಬಳಿ ದಾಖಲೆಯಿಲ್ಲ. ರಾಯರ ಬಳಿ ದಾಖಲೆಯಿದೆ, ಅದರ ಮೇಲೆ ತಾರೀಖಿಲ್ಲ.

ಆದ್ದರಿಂದ ಗೃಹಪ್ರವೇಶಕ್ಕೋ ಮದುವೆಗೋ ರಾಯರ ಮನೆಯಿಂದ ಫ್ರೇಮು ಹಾಕಿಸಿದ ಬಿಳೀ ತೋಟ ಉಡುಗೊರೆಯಾಗಿ ಬಂದರೆ ಹಿಮ ಬಿದ್ದಿತ್ತೇ ಎಂದು ಕೇಳಬೇಡಿ. ಯಾವ ತಿಂಗಳು, ನಾಲೆಗೆ ನೀರು ಬಿಟ್ಟಿದ್ದರೇ, ಎಡಕ್ಕಿರುವ ಆ ಬೂದು ಪಟ್ಟಿಯಲ್ಲಿ ಏನು ಬೆಳೆದಿದ್ದರು ಎಂದು ಕೇಳಿ, ಬಂದ ಉತ್ತರವನ್ನು ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಬರೆಸಿಕೊಳ್ಳಿ. ಅವರು ಎಡ ಬಲ ಹೇಳಿದರೆ ಮಾತ್ರ ಇನ್ನೊಮ್ಮೆ ವಿಚಾರಿಸಿ: ಅವರ ಕ್ಯಾಮೆರಾದ ಫೈಂಡರಿನಲ್ಲಿ ಎಡ ಇರುವುದು ಬಲಕ್ಕೆ.