ಕೆಇಬಿ ರಾಯರು

ಕೆಇಬಿ 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಲ್ಲಿ ಬೆಸ್ಕಾಂ ಬಂತು. ನಮ್ಮ ಬೀದಿಯ ರಾಯರು ಮಾತ್ರ ಇವತ್ತಿಗೂ ಕೆಇಬಿ ರಾಯರೇ. ಫ್ಯೂಸ್ ಹೋದರೂ ಅವರನ್ನೇ ಕೇಳಬೇಕು, ಗೀಸರ್ ಕೊಳ್ಳುವುದಿದ್ದರೂ ಅವರನ್ನೇ. ಇಡೀ ಸರ್ವೀಸು ಕಳೆದದ್ದು ಯಾವ ಸೆಕ್ಷನ್ನಿನಲ್ಲಿ ಎಂದು ಯಾರೂ ಕೇಳಿಲ್ಲ. ಬಿಲ್ ಸೆಕ್ಷನ್ನಿನಲ್ಲಿ ಎಂದು ಅವರೂ ಹೇಳಿಲ್ಲ.

ಇಂಥ ರಾಯರು ಬಡಾವಣೆಗೊಬ್ಬರು ಇದ್ದೇ ಇರುತ್ತಾರೆ. ಅವರ ವಿದ್ವತ್ತು ಪೂರ್ತಿ ಹೊರಬೀಳುವುದು ಮಗಳು ನ್ಯೂಜೆರ್ಸಿಗೆ ಹೋಗಿ ನೆಲೆಸಿದ ಮೇಲೆ.

"ಪಿನ್ನು ಕೂತ್ರೆ ಕರೆಂಟೂ ಕೂತ ಹಾಗೆ" ಎಂಬುದು ಅವರ ಸಿದ್ಧಾಂತ. ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದ ಅಡಾಪ್ಟರಿನ ಧೈರ್ಯದ ಮೇಲೆ ಸೂಟ್‌ಕೇಸಿಗೆ 750 ವಾಟಿನ ಮಿಕ್ಸಿ ಬಿತ್ತು, ನೀರು ಕಾಯಿಸುವ ಕಾಯಿಲ್ ಬಿತ್ತು. ನಲ್ಲಿಯಲ್ಲೇ ಬಿಸಿನೀರು ಬರುವ ಮನೆಗೆ ಕಾಯಿಲ್ ಯಾಕೆ ಎಂದು ಕೇಳುವ ಎದೆಗಾರಿಕೆ ಯಾರಿಗಿದೆ? ಹೆಂಡತಿ ಮಾತ್ರ ಮಿಕ್ಸಿಯನ್ನು ಮಗುಚಿ ನೋಡಿದರು.

"ಅಲ್ರೀ, ಫೋನ್ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತಿದೆ. ಇದ್ರಲ್ಲಿ ಬರೀ 230 ಅಂತಿದೆ?"

"ಸಣ್ಣಕ್ಷರದಲ್ಲಿ ಬರೆದಿದ್ದನ್ನೆಲ್ಲ ಓದ್ತಾ ಕೂತ್ರೆ ಫ್ಲೈಟು ಹೋಗುತ್ತೆ ಕಣೇ."

ಅಡಾಪ್ಟರ್ ಪಿನ್ನಿನ ಆಕಾರವನ್ನು ಹೊಂದಿಸುತ್ತದೆ, ಅಷ್ಟೇ. ವೋಲ್ಟೇಜಿನ ತಂಟೆಗೆ ಹೋಗುವುದಿಲ್ಲ. ಅಮೆರಿಕದ ಗೋಡೆಯಲ್ಲಿ ಬರುವುದು 120 ವೋಲ್ಟ್. ಮಿಕ್ಸಿ ತಿರುಗುವುದರ ಬದಲು ಯೋಚನೆ ಮಾಡತೊಡಗಿತು. "ಇಲ್ಲಿನ ತೆಂಗಿನಕಾಯೇ ಗಟ್ಟಿ" ಎಂದು ರಾಯರು ತೀರ್ಪಿತ್ತರು. ವೋಲ್ಟೇಜು ಅರ್ಧಕ್ಕಿಳಿದರೆ ಶಾಖ ಕಾಲು ಭಾಗಕ್ಕಿಳಿಯುತ್ತದೆ. ಕಾಯಿಲ್ ಇಟ್ಟ ನೀರು ಅರ್ಧ ಗಂಟೆಯಾದರೂ ಉಗುರು ಬೆಚ್ಚಗಾಗಲಿಲ್ಲ. ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿಯೇ ಸಿಗುತ್ತದೆಂದು ಅಳಿಯ ಮೆಲ್ಲಗೆ ಹೇಳಿನೋಡಿದರು.

"ಅಳಿಯಂದ್ರೇ, ನಾನು ಕೆಇಬಿ."

ಹೋಗುವಾಗ ಒಯ್ದದ್ದು ಸಪ್ಪೆಯಾಯಿತು, ಸುಡಲಿಲ್ಲ. ಸುಟ್ಟದ್ದು ಬರುವಾಗ ತಂದದ್ದು. ಮಗಳು ಅಮ್ಮನಿಗೆಂದು ಕೊಟ್ಟ ಹೇರ್ ಡ್ರೈಯರಿನ ಮೇಲೆ ಬರೀ 120 ಎಂದಿತ್ತು. ನಮ್ಮ 230ಕ್ಕೆ ಸಿಕ್ಕಿಸಿದರೆ ಶಾಖ ಹತ್ತಿರ ಹತ್ತಿರ ನಾಲ್ಕು ಪಟ್ಟು. ಮೊದಲು ಕೆಂಡದ ಬಣ್ಣ, ಆಮೇಲೆ ಫಟ್, ಆಮೇಲೆ ಇಡೀ ಮನೆಗೆ ಕತ್ತಲೆ. "ಚೀನಾ ಮಾಲು" ಎಂದರು ರಾಯರು, ಕತ್ತಲೆಯಲ್ಲೇ.

ಇಷ್ಟಕ್ಕೆಲ್ಲ ನಕ್ಕು ಸುಮ್ಮನಾಗಬಹುದು. ಮೂರನೇ ಪಿನ್ನಿನ ವಿಷಯಕ್ಕೆ ನನಗೆ ನಗು ಬರುವುದಿಲ್ಲ. ತೂತು ಎರಡೇ ಇದ್ದಲ್ಲಿ ಅರ್ಥಿಂಗ್ ಪಿನ್ನನ್ನು ಗರಗಸದಿಂದ ಕೊಯ್ದುಬಿಡುತ್ತಾರೆ ಪುಣ್ಯಾತ್ಮರು. ಲೆಕ್ಕದಲ್ಲಿ ಹೆಚ್ಚುವರಿ ಕಂಡದ್ದನ್ನು ಹೊಡೆದುಹಾಕುವ ಹಳೆಯ ಅಭ್ಯಾಸ. ಒಳಗಿನ ವಯರು ಸಡಿಲವಾಗಿ ತಗಡಿಗೆ ಮುಟ್ಟಿದ ದಿನ ಕರೆಂಟನ್ನು ನೆಲಕ್ಕೆ ಕಳಿಸುವುದು ಆ ಪಿನ್ನೇ. ಅದಿಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ.

ಈಗ ಮಗನಿಗೆ ಒಸಾಕಾದಲ್ಲಿ ಕೆಲಸ ಸಿಕ್ಕಿದೆ. ಸೂಟ್‌ಕೇಸು ಮತ್ತೆ ಅಟ್ಟದಿಂದಿಳಿದಿದೆ. ಜಪಾನಿನಲ್ಲಿ 100 ವೋಲ್ಟು, ಸಾಲದ್ದಕ್ಕೆ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹಿಂದೆ ಟೋಕಿಯೊದವರು ಜರ್ಮನಿಯಿಂದ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ ಎಂದು ವಿವರಿಸಿದೆ. ರಾಯರು ಕರುಣೆಯಿಂದ ನನ್ನ ಮುಖ ನೋಡಿದರು.

"ಅದರಲ್ಲೇನಿದೆ ವಿಶೇಷ? ಬೆಂಗಳೂರಿಗೆ ಬೆಸ್ಕಾಂ, ಹುಬ್ಬಳ್ಳಿಗೆ ಹೆಸ್ಕಾಂ ಇಲ್ವೇ?"