ಎಲೆ ಹಾಕಿದೆ, ಬಡಿಸುವವರಿಲ್ಲ

ನನಗೆ ಗೊತ್ತಿರುವ ಹೊಸಮನೆ ಎರಡು. ಶಿವಮೊಗ್ಗದ ಹೊಸಮನೆಯಲ್ಲಿ ನಾನಿದ್ದೇನೆ, ಭದ್ರಾವತಿಯ ಹೊಸಮನೆಯಲ್ಲಿ ನನ್ನ ಷಡ್ಡಕ. ಅವನಿಗೆ ಬೈಯಲು ನಗರಸಭೆಯಲ್ಲೊಬ್ಬ ಸದಸ್ಯರಿದ್ದಾರೆ. ನನಗೆ ಆ ಭಾಗ್ಯವಿಲ್ಲ.

ಮೊದಲೆಲ್ಲ ಹಾಲು ತರಲು ಹೋದವರು ಹಾಗೇ ಕಾರ್ಪೊರೇಟರ್ ಮನೆ ಮುಂದೆ ನಿಂತು, ಬಾಯ್ತುಂಬ ಪೇಸ್ಟಿನ ನೊರೆ ತುಂಬಿಕೊಂಡ ಆ ಮನುಷ್ಯನಿಗೆ ಸೊಳ್ಳೆಯ ವಿಚಾರವಾಗಿ ನಾಲ್ಕು ಮಾತು ಹೇಳಿ ಬರಬಹುದಿತ್ತು. ನೊರೆಯ ದೆಸೆಯಿಂದ ಎದುರುತ್ತರವೂ ಬರುತ್ತಿರಲಿಲ್ಲ. 2023ರ ನವೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. 35 ವಾರ್ಡಿಗೂ ಒಬ್ಬರೇ ಆಡಳಿತಾಧಿಕಾರಿ. ಅವರು ಹಲ್ಲುಜ್ಜುವುದು ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ.

ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243-ಯು ವಿಧಿ ಹೇಳುತ್ತದೆ. ಪಾಪ, ಹೇಳಿಕೊಳ್ಳಲಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲೇ ಮುಗಿದಿತ್ತು. ಕಮಲದವರು ಮುಂದೂಡಿದ್ದನ್ನು ಕೈಯವರು ಜೋಪಾನವಾಗಿ ಕಾಪಾಡಿಕೊಂಡು ಬಂದರು. ಹಿಂದಿನ ಸರ್ಕಾರದ ಯೋಜನೆಯೊಂದನ್ನು ಹೆಸರೂ ಬದಲಿಸದೆ ಉಳಿಸಿಕೊಂಡದ್ದು ಇದೊಂದೇ ಇರಬೇಕು. ಕಾರಣ ಕೇಳಿದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು. ಆಗ ಕೊರೊನಾ ಅಂತಲೂ ಅಂದಿದ್ದರು. ಅದೇ ಕೊರೊನಾದಲ್ಲಿ, 2021ರ ಏಪ್ರಿಲ್ 27ರಂದು, ಭದ್ರಾವತಿಯವರು ಮಾಸ್ಕ್ ಹಾಕಿಕೊಂಡು ನಗರಸಭೆಗೆ ವೋಟು ಹಾಕಿ ಬಂದರು. ಅವತ್ತೇ ರಾತ್ರಿ 9ಕ್ಕೆ ಇಡೀ ರಾಜ್ಯಕ್ಕೆ ಬೀಗ ಬಿತ್ತು. ವೈರಸ್ಸಿಗೂ ನಗರಸಭೆ ಯಾವುದು, ಜಿಲ್ಲಾ ಪಂಚಾಯಿತಿ ಯಾವುದು ಅನ್ನುವ ತಿಳಿವಳಿಕೆ ಇತ್ತು.

ಅಮೆರಿಕದವರನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ಕರಿಯರ ವೋಟು ತಪ್ಪಿಸಲು ದಕ್ಷಿಣದ ರಾಜ್ಯಗಳವರು ಎಷ್ಟೊಂದು ಒದ್ದಾಡಿದರು! ಮಿಸಿಸಿಪ್ಪಿಯಲ್ಲಿ 1890ರಿಂದ ಸಂವಿಧಾನದ ಕಲಮು ಓದಿಸಿ ಅರ್ಥ ಕೇಳುವ ಪರೀಕ್ಷೆ. ಪಾಸೋ ಫೇಲೋ ಗುಮಾಸ್ತನ ಮರ್ಜಿ. ಮೇಲೆ ತಲೆಗಂದಾಯ. ಬೇರೆ ಕೆಲವು ರಾಜ್ಯಗಳಲ್ಲಿ ನಿನ್ನ ತಾತ ವೋಟು ಹಾಕಿದ್ದನೇ ಅಂತ ವಂಶಾವಳಿ; ಅದನ್ನು 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಿತ್ತುಹಾಕಿತು. ಜನ ಏಟು ತಿಂದು, ಜೈಲಿಗೆ ಹೋಗಿ, 1965ರಲ್ಲಿ ಮತದಾನ ಹಕ್ಕಿನ ಕಾಯ್ದೆ ಬರುವವರೆಗೂ ಈ ರಗಳೆ ನಡೆದೇ ಇತ್ತು. ಒಬ್ಬನಿಗಾದರೂ ಹೊಳೆಯಲಿಲ್ಲವಲ್ಲ, ಚುನಾವಣೆಯನ್ನೇ ಇಡದಿದ್ದರೆ ಯಾರ ಹಕ್ಕನ್ನೂ ಕಸಿಯಬೇಕಾಗಿಲ್ಲ ಅಂತ!

ನಮ್ಮಲ್ಲಿ ಯಾರ ತಾತನನ್ನೂ ಕೇಳುವುದಿಲ್ಲ. ಪಟ್ಟಿಯಲ್ಲಿ ಹೆಸರಿದೆ, ಜೇಬಲ್ಲಿ ಕಾರ್ಡಿದೆ, 1962ರಿಂದ ದೇಶದ ಬೆರಳಿಗೆಲ್ಲ ಶಾಯಿ ತಯಾರಿಸುವ ಕಾರ್ಖಾನೆ ಮೈಸೂರಿನಲ್ಲೇ ಇದೆ. ಎಲೆ ಹಾಕಿ, ನೀರು ಚಿಮುಕಿಸಿ, ತುದಿಗೆ ಉಪ್ಪನ್ನೂ ಇಟ್ಟಿದ್ದಾರೆ. ಕೂತೇ ಇದ್ದೇವೆ.

2024ರ ಮೇ 7ರಂದು ಇದೇ ಹೊಸಮನೆಯವರು ಸಾಲಾಗಿ ನಿಂತು ಲೋಕಸಭೆಗೆ ವೋಟು ಹಾಕಿದೆವು. ದೆಹಲಿಗೆ ಯಾರು ಹೋಗಬೇಕು ಅಂತ ತೀರ್ಮಾನಿಸುವಷ್ಟು ಬುದ್ಧಿ ನಮಗಿದೆ. ಮೂರನೇ ತಿರುವಿನ ಬೀದಿದೀಪದ ವಿಷಯಕ್ಕೆ ಬಂದಾಗ ಮಾತ್ರ ಅದು ಸಾಲದೇ ಹೋಗುತ್ತದೆ.

ಮೊನ್ನೆ ಷಡ್ಡಕ ಫೋನು ಮಾಡಿದ್ದ. "ಭಾವ, ನಮ್ಮದೂ ಐದು ವರ್ಷ ಆಗ್ತಾ ಬಂತು. ಆಡಳಿತಾಧಿಕಾರಿನ ಬೈಯೋಕೆ ಅರ್ಜಿ ಕನ್ನಡದಲ್ಲಿ ಬರೀಬೇಕಾ, ಆನ್‌ಲೈನಲ್ಲಿ ಹಾಕ್ಬೇಕಾ?"